ಹಳೆಯ ಮನೆಯ ಹೊರಮೈ

ಹಳೆಯ ಮನೆಯೊಂದರ ಹೊರಮೈಯನ್ನು ದುರಸ್ತಿ ಮಾಡಲು, ಇಲ್ಲವೆ ಅಲ್ಪಸ್ವಲ್ಪ ಮಾರ್ಪಡಿಸಲು ಅನುಮತಿ ಕೋರುವ ಅರ್ಜಿಯು ಪಾರಂಪರಿಕ ಕಟ್ಟಡಗಳ ಸಮಿತಿಯ ಮುಂದೆ ಬಂದಾಗ, ಸದಸ್ಯರ ಕಣ್ಣು ಮೊದಲು ಹೋಗುವುದು ಮುಂಭಾಗದ ನಕ್ಷೆಯ ಮೇಲೆ. ಕಮಾನು ಉಳಿಯುವುದೆ, ಕಂಬಗಳ ಬೋದಿಗೆ ಬದಲಾಗುವುದೆ, ಬಳಿಯಲಿರುವ ಬಣ್ಣ ಬೀದಿಯ ಉಳಿದ ಮನೆಗಳಿಗೆ ಒಪ್ಪುವುದೆ ಎಂಬ ಪ್ರಶ್ನೆಗಳು ಏಳುತ್ತವೆ. ಇವೆಲ್ಲ ಕೇಳತಕ್ಕ ಪ್ರಶ್ನೆಗಳೇ. ಆದರೆ ಇವಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಕೆಲಸ ಮುಗಿದ ಮೇಲೆ, ಮನೆಯ ಮೇಲೆ ಸುರಿದ ಮಳೆಯ ನೀರು ಯಾವ ದಾರಿಯಿಂದ ಹೊರಗೆ ಹೋಗುತ್ತದೆ?

ಮೈಸೂರಿನ ಲಕ್ಷ್ಮೀಪುರಂ, ಚಾಮರಾಜಪುರಂ, ಒಂಟಿಕೊಪ್ಪಲುಗಳ ಹಳೆಯ ಬೀದಿಗಳಲ್ಲಿ ನಡೆದಾಡಿದವರಿಗೆ ಆ ಮನೆಗಳ ಲಕ್ಷಣವನ್ನು ನಾನು ವರ್ಣಿಸಬೇಕಾದುದಿಲ್ಲ. ಇಟ್ಟಿಗೆಯ ದಪ್ಪ ಗೋಡೆ, ಅದರ ಮೇಲೆ ಸುಣ್ಣದ ಗಾರೆ, ಮುಂದೆ ಜಗಲಿ, ಮೇಲೆ ಮಂಗಳೂರು ಹೆಂಚು, ಸೂರಿನಂಚಿಗೆ ಕೊರೆದ ಮರದ ಹಲಗೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಘಟ್ಟದ ಮೇಲಕ್ಕೂ ಏರಿ ಬಂದ ಆ ಕೆಂಪು ಹೆಂಚು, ಒಂದರ ಕೊಕ್ಕೆಯಲ್ಲಿ ಮತ್ತೊಂದು ಕುಳಿತು ನೀರನ್ನು ಕೆಳಕ್ಕೆ ಸಾಗಿಸುತ್ತದೆ. ಗೋಡೆಯಿಂದ ಮೊಳದಷ್ಟು ಮುಂದಕ್ಕೆ ಚಾಚಿದ ಸೂರು ಆ ನೀರನ್ನು ಅಂಗಳಕ್ಕೆ ಎಸೆಯುತ್ತದೆ. ಇಷ್ಟಾದ ಮೇಲೂ ಎರಚಲಿನಿಂದಲೋ ನೆಲದ ತೇವದಿಂದಲೋ ಗೋಡೆಯೊಳಕ್ಕೆ ನುಸುಳಿದ ಅಲ್ಪ ನೀರನ್ನು ಸುಣ್ಣದ ಗಾರೆಯು ಬಿಸಿಲು ಬಂದೊಡನೆ ಆವಿಯಾಗಿ ಹೊರಗೆ ಬಿಡುತ್ತದೆ. ನಾವು ಅಲಂಕಾರವೆಂದು ಮೆಚ್ಚುವ ಸೂರುಹಲಗೆಯೂ ಜಂತೆಯ ತುದಿಗಳನ್ನು ಮಳೆಯಿಂದ ಮರೆಮಾಡುವ ಕೆಲಸಕ್ಕೆಂದೇ ಅಲ್ಲಿ ನಿಂತಿರುವಂಥದು.

ಸುಣ್ಣವನ್ನು ಅರಳಿಸಿ, ಮರಳು ಬೆರೆಸಿ, ಗಾರೆಯ ಗಾಣದಲ್ಲಿ ಎತ್ತುಗಳಿಂದ ಅರೆಯಿಸಿ, ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಕೂಡಿಸಿ ಹದಗೊಳಿಸುತ್ತಿದ್ದ ಆ ಗಾರೆಯು ಗಾಳಿಯೊಳಗಿನ ಅಂಗಾರಾಮ್ಲ ವಾಯುವನ್ನು ಹೀರಿಕೊಂಡು ವರ್ಷಗಳ ಕಾಲ ನಿಧಾನವಾಗಿ ಕಲ್ಲಾಗುತ್ತ ಹೋಗುತ್ತದೆ. ಅದು ಇಟ್ಟಿಗೆಗಿಂತ ಮೃದು. ಕಟ್ಟಡ ಕೊಂಚ ಕುಳಿತರೆ ಅದೂ ಕೊಂಚ ಬಾಗುತ್ತದೆ. ಸವೆಯಬೇಕಾಗಿ ಬಂದಾಗ ಇಟ್ಟಿಗೆಯನ್ನು ಉಳಿಸಿ ತಾನು ಸವೆಯುತ್ತದೆ. ಸಿಮೆಂಟಿನ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ಅದು ಗಡುಸು, ನೀರನ್ನು ಸುಲಭವಾಗಿ ಹೊರಬಿಡದು. ಹಳೆಯ ಗೋಡೆಯ ಬುಡಕ್ಕೆ ಸಿಮೆಂಟು ಮೆತ್ತಿದರೆ ತೇವವು ಹೊರಬರಲು ದಾರಿಗಾಣದೆ ಮೇಲಕ್ಕೆ ಹತ್ತುತ್ತದೆ, ತನ್ನೊಡನೆ ಉಪ್ಪನ್ನೂ ಒಯ್ಯುತ್ತದೆ.

ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರ ಮನೆಯ ಜಗಲಿಯ ಮೇಲೆ ವೃದ್ಧನಾದ ಗಾರೆ ಕೆಲಸದವನೊಬ್ಬನೊಡನೆ ನಿಂತಿದ್ದೆ. ಮುಂಭಾಗವನ್ನು ಸಿಮೆಂಟಿನಿಂದ ಹೊಸದಾಗಿ ಗಿಲಾಯಿ ಮಾಡಿಸಿ, ಹೊಳೆಯುವ ಬಣ್ಣವನ್ನು ಬಳಿಸಿ ಮೂರು ಮಳೆಗಾಲ ಕಳೆದಿತ್ತು. ಮುಂಭಾಗದ ಆಕಾರದಲ್ಲಿ ಒಂದಂಗುಲವೂ ವ್ಯತ್ಯಾಸವಾಗಿರಲಿಲ್ಲ. ಮುದುಕನು ಬೆರಳ ಗೆಣ್ಣಿನಿಂದ ಗೋಡೆಯನ್ನು ಬಡಿಯುತ್ತ ಹೋದ. ಒಂದೆಡೆ ಶಬ್ದ ಪೊಳ್ಳಾಯಿತು. ಅಲ್ಲಿ ಕರಣೆಯ ತುದಿಯನ್ನು ತೂರಿಸಿ ಎಬ್ಬಿದಾಗ ಗಿಲಾಯಿಯು ಹಪ್ಪಳದಂತೆ ಎದ್ದು ಬಂತು, ಅದರ ಹಿಂದಿನ ಇಟ್ಟಿಗೆ ಕುಂಕುಮದಂತೆ ಪುಡಿಪುಡಿಯಾಗಿ ಅವನ ಅಂಗೈಗೆ ಸುರಿಯಿತು. “ಗೋಡೆ ಒಳಗೊಳಗೇ ಬೆವರಿ ಕೊಳೆತಿದೆ, ಸ್ವಾಮಿ” ಎಂದು ಅವನು ಆ ಪುಡಿಯನ್ನು ಮನೆಯೊಡೆಯರಿಗೆ ತೋರಿಸಿದ. ಅವರು ಮಾತಾಡಲಿಲ್ಲ, ಮನೆಯನ್ನು ಉಳಿಸಬೇಕೆಂದೇ ಸಾಲ ಮಾಡಿ ಆ ಕೆಲಸವನ್ನು ಮಾಡಿಸಿದ್ದವರು ಅವರು.

ಆದುದರಿಂದ ನಕ್ಷೆಯೊಡನೆ ಬಳಸತಕ್ಕ ಸಾಮಗ್ರಿಯ ವಿವರವನ್ನೂ ಸಮಿತಿಯು ಕಡ್ಡಾಯವಾಗಿ ಕೇಳಬೇಕೆಂಬುದು ನನ್ನ ಅಭಿಪ್ರಾಯ. ನಕ್ಷೆಯನ್ನು ಓದಬಲ್ಲವರ ಪಕ್ಕದಲ್ಲಿ ಸುಣ್ಣದ ಹದವನ್ನು ಬಲ್ಲ ಕುಶಲಕರ್ಮಿಯೊಬ್ಬನಿಗೂ ಕುರ್ಚಿ ಹಾಕಬೇಕು, ಅವನ ಮಾತಿಗೆ ಅದೇ ತೂಕವಿರಬೇಕು. ಕಿಟಕಿಯ ತೇಗದ ಚೌಕಟ್ಟು ಕೊಳೆಯುವುದು ಸಾಮಾನ್ಯವಾಗಿ ನೀರು ನಿಲ್ಲುವ ಕೆಳತುದಿಯಲ್ಲಿ. ಅಷ್ಟನ್ನು ಕತ್ತರಿಸಿ ಅದೇ ಜಾತಿಯ ಮರದ ತುಂಡನ್ನು ಜೋಡಿಸಬಹುದಾಗಿರುವಾಗ ಇಡೀ ಕಿಟಕಿಯನ್ನು ಕಿತ್ತು ಅಲ್ಯೂಮಿನಿಯಮ್ಮಿನದನ್ನು ಕೂರಿಸಲು ಅನುಮತಿಸಕೂಡದು. ಇದರರ್ಥ ಆ ಮನೆಯಲ್ಲಿ ಏನೂ ಬದಲಾಗಕೂಡದೆಂದಲ್ಲ. ಬಿಸಿಲಿನಿಂದ ನೀರು ಕಾಯಿಸುವ ಯಂತ್ರವೋ, ಮೆಟ್ಟಿಲು ಹತ್ತಲಾರದ ಹಿರಿಯರಿಗಾಗಿ ಇಳಿಜಾರಿನ ದಾರಿಯೋ, ಹಿತ್ತಲಿನ ಕಡೆಗೆ ಇನ್ನೊಂದು ಕೋಣೆಯೋ ಬೇಕೆಂದರೆ ಅವಶ್ಯವಾಗಿ ಆಗಲಿ. ಹೊಸದು ಹಳೆಯದರ ಸೋಗು ಹಾಕದೆ ಹೊಸದೆಂದೇ ಕಾಣಲಿ ಎಂಬುದೂ, ಊಹೆ ಎಲ್ಲಿ ಮೊದಲಾಗುವುದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಲಿ ಎಂಬುದೂ 1964ರಲ್ಲಿ ವೆನಿಸ್ಸಿನಲ್ಲಿ ಕಲೆತ ತಜ್ಞರು ಒಪ್ಪಿದ ಸನ್ನದಿನಲ್ಲಿಯೇ ಇದೆ.

ಇನ್ನು ಮನೆಯೊಡೆಯರ ಕಷ್ಟ. ಮೈಸೂರಿನ ಯಾದವಗಿರಿಯಲ್ಲಿ ಕಾದಂಬರಿಕಾರ ಆರ್. ಕೆ. ನಾರಾಯಣರು ವಾಸಿಸಿದ್ದ ಮನೆಯನ್ನು 2011ರಲ್ಲಿ ಕೆಡಹಲು ಆರಂಭವಾದಾಗ ಊರು ಎಚ್ಚೆತ್ತು ತಡೆಯಿತು. ಸಾರ್ವಜನಿಕ ಧನದಿಂದ ದುರಸ್ತಿಗೊಂಡು ಅದು 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಸಂತೋಷದ ವಿಷಯವೇ. ಆದರೆ ಪ್ರತಿಯೊಂದು ಹಳೆಯ ಮನೆಯಲ್ಲಿಯೂ ಒಬ್ಬ ನಾರಾಯಣರು ಬಾಳಿರುವುದಿಲ್ಲ. ನಾಲ್ವರು ಅಣ್ಣತಮ್ಮಂದಿರಿಗೆ ಪಾಲಾಗಬೇಕಾದ, ನಿವೃತ್ತಿವೇತನದಿಂದ ಹೆಂಚು ಬದಲಾಯಿಸಬೇಕಾದ ಮನೆಗೆ ಪಾರಂಪರಿಕವೆಂಬ ಬಿರುದನ್ನು ಮಾತ್ರ ಕೊಟ್ಟು, ಕಂದಾಯದಲ್ಲಿ ರಿಯಾಯಿತಿಯನ್ನಾಗಲಿ ಸುಣ್ಣದ ಕೆಲಸಕ್ಕೆ ತಗಲುವ ಹೆಚ್ಚಿನ ವೆಚ್ಚದಲ್ಲಿ ಪಾಲನ್ನಾಗಲಿ ಕೊಡದಿದ್ದರೆ ಅದು ನ್ಯಾಯವಲ್ಲ. ಒಡೆದ ಹೆಂಚನ್ನು ಬದಲಿಸುವುದು, ಕಸ ಕಟ್ಟಿದ ಸೂರಿನ ದೋಣಿಯನ್ನು ಬಿಡಿಸುವುದು, ಗೋಡೆಯ ಬಿರುಕಿನಲ್ಲಿ ಬೇರೂರಿದ ಅರಳಿಯ ಸಸಿಯನ್ನು ಕೀಳುವುದು, ಇವಕ್ಕೆ ಅನುಮತಿಯೇ ಬೇಕಾಗಬಾರದು. ಬೇಕಾದ ಕಡೆಗಳಲ್ಲಿಯೂ ಯುಗಾದಿಗೆ ಮುನ್ನ ಸಲ್ಲಿಸಿದ ಅರ್ಜಿಗೆ ಮುಂಗಾರಿಗೆ ಮುನ್ನ ಉತ್ತರ ದೊರೆಯಬೇಕು. ಮೈಸೂರಿನ 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದು 2012ರ ಆಗಸ್ಟಿನಲ್ಲಿ. ದೇವರಾಜ ಮಾರುಕಟ್ಟೆಯ ಭಾಗವೊಂದು ಬಿದ್ದದ್ದು 2016ರ ಆಗಸ್ಟಿನಲ್ಲಿ. ಕಡತವು ಮೇಜಿನಿಂದ ಮೇಜಿಗೆ ಸಾಗುತ್ತಿರುವಾಗ ಮಳೆಯು ಕಾಯುವುದಿಲ್ಲ.

ಕೆಲಸ ಮುಗಿದ ಮೇಲೆ ಛಾಯಾಚಿತ್ರವನ್ನು ತರಿಸಿಕೊಂಡು ಅನುಮೋದನೆಯ ಮುದ್ರೆಯನ್ನು ಒತ್ತುವ ಬದಲು, ಮೊದಲನೆಯ ಜಡಿಮಳೆಯ ದಿನ ಸಮಿತಿಯ ಇಬ್ಬರಾದರೂ ಕೊಡೆ ಹಿಡಿದು ಆ ಮನೆಯ ಎದುರಿಗೆ ಅರ್ಧ ಗಂಟೆ ನಿಲ್ಲಲಿ. ಸೂರಿನಿಂದ ಇಳಿದ ಧಾರೆ ಎಲ್ಲಿ ಬೀಳುತ್ತದೆ, ಜಗಲಿಯ ಮೂಲೆಯಲ್ಲಿ ನೀರು ನಿಲ್ಲುತ್ತದೆಯೆ, ಗೋಡೆಯ ಬುಡ ಎಷ್ಟೆತ್ತರ ನೆನೆಯುತ್ತದೆ ಎಂಬುದನ್ನು ನೋಡಿ ಬರೆದುಕೊಳ್ಳಲಿ. ಕಡತವನ್ನು ಆಮೇಲೆ ಮುಚ್ಚಲಿ.