ನೂರು ಬಾಯಲ್ಲಿದೆ, ಐದು ಕೈಯಲ್ಲಿಲ್ಲ

ಆರು ವರ್ಷದೊಳಗಿನ ಮಕ್ಕಳಿಗೆ ಅಂಕಿ ತಿದ್ದಿಸುವುದನ್ನು ಕಡಿಮೆ ಮಾಡಿ, ಕಾಳು, ಕಡ್ಡಿ, ಕವಡೆ ಹಿಡಿದು ಎಣಿಸುವುದನ್ನು ಕಲಿಸಿ ಎಂದರೆ ಸಾಕು, ಪಾಲಕರ ಸಭೆಯಲ್ಲಿ ಆಕ್ಷೇಪಗಳು ಸಾಲುಗಟ್ಟುತ್ತವೆ. ಅವು ಹೊಸವಲ್ಲ, ಕೆಟ್ಟ ಮನಸ್ಸಿನಿಂದ ಬಂದವೂ ಅಲ್ಲ. ಆದರೆ ಯಾರೂ ಎದುರಾಡದೆ ಬಿಟ್ಟಿದ್ದರಿಂದ ಅವೇ ಶಾಲೆಯ ನಿಯಮಗಳಾಗಿಬಿಟ್ಟಿವೆ. ಒಂದೊಂದಾಗಿ ನೋಡೋಣ.

1. "ನಮ್ಮ ಮಗು ಆಗಲೇ ನೂರರವರೆಗೆ ಹೇಳುತ್ತೆ. ಇನ್ನೇನು ಬೇಕು?"

ಬಟ್ಟಲಲ್ಲಿ ಅವರೆಕಾಳು ಹಾಕಿ ಆ ಮಗುವಿನ ಮುಂದಿಟ್ಟು, "ಐದು ಕಾಳು ಕೊಡು" ಎನ್ನಿ. ಮೂರು ವರ್ಷದ ಮಗುವಾದರೆ ಹೆಚ್ಚಾಗಿ ಒಂದು ಹಿಡಿ ಬಾಚಿ ಕೊಟ್ಟುಬಿಡುತ್ತದೆ. "ಎಣಿಸಿ ನೋಡು" ಎಂದರೆ ಬೆರಳಿಟ್ಟು ಎಣಿಸುತ್ತದೆ. 'ಎರಡು' ಎನ್ನುವಾಗ 'ಎರ' ಒಂದು ಕಾಳಿನ ಮೇಲೆ, 'ಡು' ಇನ್ನೊಂದರ ಮೇಲೆ. ನಡುವಿನ ಒಂದು ಕಾಳು ತಪ್ಪಿಹೋಗುತ್ತದೆ, ಮತ್ತೊಂದಕ್ಕೆ ಎರಡು ಸಲ ಬೆರಳು ತಾಗುತ್ತದೆ. ಸರಿಯಾಗಿಯೇ ಎಣಿಸಿ ಮುಗಿಸಿದ ಮಗುವನ್ನೂ "ಹಾಗಾದರೆ ಒಟ್ಟು ಎಷ್ಟು?" ಎಂದು ಕೇಳಿ. ಉತ್ತರ ಕೊಡುವ ಬದಲು ಮತ್ತೆ "ಒಂದು, ಎರಡು" ಎಂದು ಶುರುಮಾಡಿದರೆ, ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಎಂಬುದು ಅದಕ್ಕಿನ್ನೂ ಹೊಳೆದಿಲ್ಲ.

ಎಣಿಕೆಯ ಹಿಂದೆ ಐದು ತತ್ತ್ವಗಳಿವೆ ಎಂದು ರೋಷೆಲ್ ಗೆಲ್ಮನ್ ಮತ್ತು ಸಿ. ಆರ್. ಗ್ಯಾಲಿಸ್ಟೆಲ್ 1978ರಲ್ಲೇ ಬಿಡಿಸಿ ಹೇಳಿದರು. ಸಂಖ್ಯೆಗಳ ಕ್ರಮ ಬದಲಾಗಬಾರದು. ಒಂದು ವಸ್ತುವಿಗೆ ಒಂದೇ ಸಂಖ್ಯೆ. ಕೊನೆಯ ಸಂಖ್ಯೆಯೇ ಒಟ್ಟು. ಯಾವುದನ್ನು ಬೇಕಾದರೂ ಎಣಿಸಬಹುದು. ಯಾವ ತುದಿಯಿಂದ ಎಣಿಸಿದರೂ ಒಟ್ಟು ಅಷ್ಟೇ. ನೂರರವರೆಗೆ ಒಪ್ಪಿಸುವುದರಲ್ಲಿ ಇರುವುದು ಮೊದಲನೆಯದು ಮಾತ್ರ. ಉಳಿದವು ನಿಧಾನ. 1990ರ ಆಸುಪಾಸಿನಲ್ಲಿ ಕರೆನ್ ವಿನ್ ಇದೇ 'ಇಷ್ಟು ಕೊಡು' ಪರೀಕ್ಷೆಯಿಂದ ಕಂಡುಕೊಂಡಂತೆ, ಮಗು ಮೊದಲು 'ಒಂದು' ಎಂದರೆ ಎಷ್ಟು ಎಂದು ತಿಳಿಯುತ್ತದೆ, ತಿಂಗಳುಗಳು ಕಳೆದ ಮೇಲೆ 'ಎರಡು', ಮತ್ತಷ್ಟು ತಿಂಗಳ ಮೇಲೆ 'ಮೂರು'. ಆಮೇಲೆ ಎಣಿಕೆಯ ಗುಟ್ಟು ಒಟ್ಟಿಗೇ ಬಿಚ್ಚಿಕೊಳ್ಳುತ್ತದೆ. ಈ ತಿಂಗಳುಗಳನ್ನೇ ನಾವು ನೂರರ ಬಾಯಿಪಾಠಕ್ಕೆ ಕಳೆಯುತ್ತಿದ್ದೇವೆ.

2. "ಬರೆಸದಿದ್ದರೆ ಕಲಿಸಿದ್ದಕ್ಕೆ ಸಾಕ್ಷಿ ಏನು?"

ಎಲ್‌ಕೆಜಿ ಮಗು ಇಪ್ಪತ್ತರಿಂದ ಮುಂದೆ ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡಿ. ಮೇಲಿನಿಂದ ಕೆಳಕ್ಕೆ ಬರೀ 2, 2, 2 ಎಂದು ಹತ್ತು ಸಲ ಇಳಿಸುತ್ತದೆ. ಮತ್ತೆ ಮೇಲೆ ಹೋಗಿ ಪಕ್ಕಪಕ್ಕದಲ್ಲಿ 0, 1, 2, 3 ಜೋಡಿಸುತ್ತದೆ. ಪುಟ ಭರ್ತಿ, ಟೀಚರಿಂದ ನಕ್ಷತ್ರವೂ ಸಿಕ್ಕಿತು. ಆ ಪುಟದಲ್ಲಿ ಇಪ್ಪತ್ಮೂರು ಎಂಬ ಸಂಖ್ಯೆಯನ್ನು ಮಗು ಒಮ್ಮೆಯೂ ಯೋಚಿಸಿಲ್ಲ. ಇದು ಕೈಬರಹದ ಸಾಕ್ಷಿ, ಎಣಿಕೆಯದಲ್ಲ.

ಬರೆಸದಿದ್ದರೆ ಹಿಂದೆ ಬೀಳುತ್ತಾರೆ ಎಂಬ ಭಯಕ್ಕೂ ಆಧಾರವಿಲ್ಲ. 2021ರಲ್ಲಿ ಶುರುವಾದ ಕೇಂದ್ರದ ನಿಪುಣ್ ಭಾರತ್ ಯೋಜನೆ ಒಂದನೇ ತರಗತಿಗೆ ಮುಂಚಿನ ಮಕ್ಕಳಿಂದ ನಿರೀಕ್ಷಿಸುವುದು 10ರವರೆಗಿನ ಅಂಕಿಗಳನ್ನು ಗುರುತಿಸಿ ಓದುವುದನ್ನು. 99ರವರೆಗೆ ಓದಿ ಬರೆಯುವುದು ಒಂದನೇ ತರಗತಿಯ ಗುರಿ. ನಾಲ್ಕು ವರ್ಷದ ಮಗುವಿನಿಂದ ನೂರರವರೆಗೆ ಬರೆಸುವ ಶಾಲೆ ಮುಂದೆ ಓಡುತ್ತಿಲ್ಲ, ಬುನಾದಿಯನ್ನು ಹಾರಿ ದಾಟುತ್ತಿದೆ.

3. "ಬೆರಳು ಮಡಿಸುವ ಚಟ ಹತ್ತಿದರೆ ಬಿಡಿಸುವುದು ಕಷ್ಟ."

ಮೇಜಿನ ಕೆಳಗೆ ಕೈ ಬಚ್ಚಿಟ್ಟು ಎಣಿಸುವ ಮಕ್ಕಳನ್ನು ಸೃಷ್ಟಿಸಿದ್ದು ಈ ಆಕ್ಷೇಪವೇ. ಸ್ವಿಟ್ಜರ್ಲೆಂಡಿನ ಲೋಸಾನ್ ವಿಶ್ವವಿದ್ಯಾಲಯದ ಸಂಶೋಧಕರು ಇತ್ತೀಚೆಗೆ, ಬೆರಳು ಬಳಸದ ಐದಾರು ವರ್ಷದ ಮಕ್ಕಳಿಗೆ ಬೆರಳಿನಿಂದ ಕೂಡುವುದನ್ನು ಕಲಿಸಿ ನೋಡಿದರು. ಶೇ. 37ರಷ್ಟಿದ್ದ ಸರಿಯುತ್ತರಗಳು ಶೇ. 77ಕ್ಕೆ ಏರಿದವು. ಬೆರಳು ಸೋಮಾರಿತನವಲ್ಲ, ನೆನಪಿನ ಮೇಲಿನ ಹೊರೆ ಇಳಿಸುವ ಸಾಧನ. ಲೆಕ್ಕ ತಲೆಯಲ್ಲೇ ಆಗತೊಡಗಿದಾಗ ಮಕ್ಕಳು ತಾವೇ ಕೈ ಕೆಳಗಿಳಿಸುತ್ತಾರೆ. ಎಂಟು ಹತ್ತು ವರ್ಷವಾದರೂ ಚಿಕ್ಕ ಲೆಕ್ಕಕ್ಕೆ ಬೆರಳೇ ಬೇಕೆಂದರೆ ಗಮನಿಸಬೇಕು, ನಿಜ. ಆಗಲೂ ಹೊಡೆತ ಮದ್ದಲ್ಲ.

4. "ನಾವು ಮಗ್ಗಿ ಬಾಯಿಪಾಠ ಮಾಡಿಯೇ ಬೆಳೆದವರು. ನಮಗೇನಾಯಿತು?"

ಮಗ್ಗಿಯ ಮೇಲೆ ನನಗೆ ಜಗಳವಿಲ್ಲ. ಗುಣಾಕಾರ ಅರ್ಥವಾದ ಮೇಲೆ ಮಗ್ಗಿ ಬಾಯಲ್ಲಿದ್ದರೆ ಅದು ವರವೇ. ಆದರೆ ಈ ಮಾತು ಆಡುವವರು ಪಾಸಾದವರು. ಲೆಕ್ಕ ತಲೆಗೆ ಹತ್ತದೆ ಶಾಲೆ ಬಿಟ್ಟ ಅವರ ಸಹಪಾಠಿಗಳು ಈ ಸಭೆಗೆ ಬಂದು ಸಾಕ್ಷಿ ಹೇಳುವುದಿಲ್ಲ.

ಇನ್ನೊಂದು ಸಂಗತಿ: ಅದೇ ತಲೆಮಾರು ಮನೆಯ ಜಗಲಿಯಲ್ಲಿ ಅಳಗುಳಿಮಣೆ, ಚೌಕಾಬಾರ ಆಡಿ ಬೆಳೆಯಿತು. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಲ್ಲಿ ಕಾಳು ಹಂಚುತ್ತ ಹೋಗುವಾಗ ಗುಳಿಗೆ ಒಂದೇ ಕಾಳು; ಎರಡು ಬಿದ್ದರೆ ಎದುರಿಗೆ ಕೂತವಳು ಬಿಡುವುದಿಲ್ಲ. ಚೌಕಾಬಾರದಲ್ಲಿ ಕವಡೆ ಹೇಳಿದಷ್ಟೇ ಮನೆ ನಡೆಯಬೇಕು. ಮಗ್ಗಿಗೆ ಸಿಕ್ಕ ಶ್ರೇಯಸ್ಸಿನ ಒಂದು ಪಾಲು ಈ ಆಟಗಳಿಗೂ ಸಲ್ಲಬೇಕು.

5. "ಆಟಕ್ಕೆ ಫೀಸು ಕಟ್ಟಬೇಕೇ?"

ಯಾವ ಆಟ ಎಂಬುದೇ ಇಲ್ಲಿಯ ಪ್ರಶ್ನೆ. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ಬಡ ಕುಟುಂಬಗಳ ಪುಟ್ಟ ಮಕ್ಕಳು 1ರಿಂದ 10ರವರೆಗೆ ಸಾಲಾಗಿ ಮನೆಗಳಿರುವ ಹಲಗೆಯ ಮೇಲೆ ಕಾಯಿ ನಡೆಸಿದರು. ಎರಡು ವಾರದಲ್ಲಿ ನಾಲ್ಕು ಸಲ, ಸಲಕ್ಕೆ ಹದಿನೈದು ನಿಮಿಷದಷ್ಟು. ಅಷ್ಟರಲ್ಲೇ ಸಂಖ್ಯಾಜ್ಞಾನ ಚುರುಕಾಯಿತು. ಸಂಖ್ಯೆಯ ಬದಲು ಬಣ್ಣಗಳಿದ್ದ ಅದೇ ಆಟ ಆಡಿದವರಿಗೆ ಆ ಲಾಭ ಸಿಗಲಿಲ್ಲ. ಹಾಗಾಗಿ "ಆಡಲಿ ಬಿಡಿ" ಎನ್ನುವುದು ನನ್ನ ವಾದವಲ್ಲ. ಎಣಿಕೆ ಇರುವ ಆಟ ಆಡಿಸಿ ಎಂಬುದು ವಾದ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯೂ ಇಂಥ ಚಟುವಟಿಕೆಗಳನ್ನೇ ನಂಬಿದ್ದು.

6. "ಮುಂದೆ ಹೇಗೂ ಇಂಗ್ಲಿಷ್. ಈಗಲೇ ಒನ್, ಟೂ ಹೇಳಿಸಿ."

ಹೇಳಿಸಿ, ಬೇಡವೆಂದವರಾರು? ಆದರೆ ಕಲಿಯಬೇಕಾದದ್ದು ಪದವಲ್ಲ, ಪದದ ಕೆಲಸ. ಕಣದಲ್ಲಿ ರಾಶಿ ಅಳೆಯುವ ರೈತ ಮೊದಲ ಕೊಳಗಕ್ಕೆ 'ಒಂದು' ಎನ್ನದೆ 'ಲಾಭ' ಎನ್ನುತ್ತಾನೆ. ಲೆಕ್ಕ ಎಲ್ಲೂ ತಪ್ಪುವುದಿಲ್ಲ. ಕೆಲಸ ತಿಳಿದಿದ್ದರೆ ಹೆಸರು ಬದಲಾದರೂ ನಡೆಯುತ್ತದೆ. ಅದನ್ನು ತಿಳಿಯಲು ಮಗು ದಿನವಿಡೀ ಕೇಳುವ ಭಾಷೆಯೇ ಸುಲಭ, ಅದು ಕನ್ನಡವಿರಲಿ, ತುಳುವಿರಲಿ, ಉರ್ದುವಿರಲಿ.

7. "ಒತ್ತಾಯ ಬೇಡ, ವಯಸ್ಸು ಬಂದಾಗ ತಾನೇ ಬರುತ್ತದೆ."

ಇದು ಎದುರು ದಿಕ್ಕಿನ ಆಕ್ಷೇಪ. ಇದರ ಹಿಂದೆ ಮನೋವಿಜ್ಞಾನಿ ಪಿಯಾಜೆಯ ನೆರಳಿದೆ. ಅಷ್ಟಷ್ಟೇ ಗೋಲಿಗಳಿರುವ ಎರಡು ಸಾಲುಗಳಲ್ಲಿ ಒಂದನ್ನು ಅಗಲಿಸಿಟ್ಟರೆ ಪುಟ್ಟ ಮಗು "ಇದರಲ್ಲೇ ಜಾಸ್ತಿ" ಎನ್ನುತ್ತದೆ, ಹಾಗಾಗಿ ಕಾಯಬೇಕು ಎಂಬುದು ಈ ವಾದ. ಆದರೆ 1974ರಲ್ಲಿ ಮೆಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಆ ಸಾಲನ್ನು ಒಂದು ತುಂಟ ಕರಡಿಬೊಂಬೆಯಿಂದ ಕೆಡಿಸಿದಾಗ, ಎಷ್ಟೋ ಹೆಚ್ಚು ಮಕ್ಕಳು "ಅಷ್ಟೇ ಇದೆ" ಎಂದು ಸರಿಯಾಗಿ ಹೇಳಿದರು. ಕೇಳುವ ಬಗೆ ಬದಲಾದರೆ ಮಗುವಿಗೆ ತಿಳಿದದ್ದೂ ಹೊರಬರುತ್ತದೆ. ಒತ್ತಾಯ ಬೇಡ ಎಂಬುದಕ್ಕೆ ನನ್ನ ಸಹಮತವಿದೆ. ಆದರೆ ಸಂಖ್ಯೆಯ ಮಾತೇ ಕಿವಿಗೆ ಬೀಳದ ಮನೆಯಲ್ಲಿ ತಾನಾಗಿ ಬರುವುದು ಏನೂ ಇಲ್ಲ. ಶಾಲೆಗೆ ಕಾಲಿಡುವಾಗಿನ ಗಣಿತಜ್ಞಾನ ಮುಂದಿನ ಕಲಿಕೆಯ ಅತಿ ಬಲವಾದ ಸೂಚಕ ಎಂದು ಗ್ರೆಗ್ ಡಂಕನ್ ಮತ್ತು ಸಂಗಡಿಗರು 2007ರಲ್ಲಿ ಆರು ದೊಡ್ಡ ಅಧ್ಯಯನಗಳ ಮಾಹಿತಿ ಒಟ್ಟುಗೂಡಿಸಿ ತೋರಿಸಿದ್ದಾರೆ. ಕಾಯುತ್ತ ಕೂತರೆ ನಷ್ಟ ಬಡಮಕ್ಕಳದ್ದು.

8. "ಕೂಲಿಗೆ ಹೋಗುವ, ಓದು ಬರದ ತಾಯಿ ಇದನ್ನೆಲ್ಲ ಹೇಗೆ ಮಾಡಿಯಾಳು?"

ಕನಿಕರದಿಂದ ಕೇಳುವ ಪ್ರಶ್ನೆ, ಆದರೆ ತಲೆಕೆಳಗಾಗಿದೆ. ಊಟಕ್ಕೆ ಕೂರುವ ಮುನ್ನ "ಮನೆಯಲ್ಲಿ ಎಷ್ಟು ಜನ ಇದ್ದೇವೆ, ಅಷ್ಟು ತಟ್ಟೆ ತಾ" ಎನ್ನಲು ಅಕ್ಷರ ಬೇಕಿಲ್ಲ. ಮೂರು ರೊಟ್ಟಿ ಇಟ್ಟು "ಇನ್ನೊಂದು ಹಾಕಿದರೆ ಎಷ್ಟಾಯ್ತು?" ಎಂದು ಕೇಳಲು ಬಿಡುವು ಬೇಕಿಲ್ಲ. ತಪ್ಪಿದರೆ ತಟ್ಟೆ ಕಡಿಮೆ ಬೀಳುತ್ತದೆ. ತಿದ್ದಲು ಕೆಂಪು ಪೆನ್ನೂ ಬೇಡ. ಆಕೆಯನ್ನು ನಿಜಕ್ಕೂ ಹೊರಗಿಡುವುದು ನಾಲ್ಕು ವರ್ಷದ ಮಗುವಿನ ಚೀಲದಲ್ಲಿ ಮನೆಗೆ ಬರುವ ನಾಲ್ಕು ಪುಟದ ಹೋಂವರ್ಕು. ಅದನ್ನು ಅವಳು ಓದಲಾರಳು, ತಿದ್ದಲಾರಳು. ಮಗನ ಲೆಕ್ಕ ತನ್ನಿಂದಾಗದ ವಿದ್ಯೆ ಎಂದು ಅಂದೇ ಕೈಚೆಲ್ಲುತ್ತಾಳೆ. ಬಡ ತಾಯಿಯ ಪರವಾಗಿ ವಾದಿಸುವವರು ಮೊದಲು ಆ ನಾಲ್ಕು ಪುಟಗಳನ್ನು ನಿಲ್ಲಿಸಲು ಶಾಲೆಯನ್ನು ಕೇಳಲಿ.