ಲೈಫ್ ಜಾಕೆಟ್ಟಿಗೆ ಹೊಳೆ ಹೆದರದು

ಮುಂಗಾರು ಬಲಿತೊಡನೆ ಮಲೆನಾಡಿನ ಹೊಳೆಗಳು ಎರಡು ಪ್ರವಾಹಗಳನ್ನು ಕಾಣುತ್ತವೆ. ಒಂದು ಘಟ್ಟದಿಂದ ಇಳಿಯುವ ನೀರು. ಇನ್ನೊಂದು ಘಟ್ಟವೇರಿ ಬರುವ ಪ್ರವಾಸಿಗರು. ಕೊಡಗಿನ ಬರಪೊಳೆಯಲ್ಲಿ, ಆಗುಂಬೆಯ ಕೆಳಗಿನ ಸೀತಾನದಿಯಲ್ಲಿ, ಇನ್ನೂ ಹಲವು ಹೊಳೆಗಳಲ್ಲಿ ಗಾಳಿ ತುಂಬಿದ ದೋಣಿಗಳು ನೊರೆನೀರಿಗೆ ಇಳಿಯುವುದು ಇದೇ ಕಾಲದಲ್ಲಿ. ಸುರಕ್ಷತೆಯ ವ್ಯವಸ್ಥೆ ಏನೆಂದು ಕೇಳಿದರೆ ವ್ಯಾಪಾರಸ್ಥರಿಂದ ಬರುವ ಉತ್ತರ ಒಂದೇ: ಲೈಫ್ ಜಾಕೆಟ್ ಇದೆ, ಹೆಲ್ಮೆಟ್ ಇದೆ. ಇವೆರಡೂ ಬೇಕೇ ಬೇಕು. ಆದರೆ ಇಷ್ಟಕ್ಕೇ ಸುರಕ್ಷತೆ ಮುಗಿಯಿತೆಂದು ನಂಬಿಸುವುದು ಜೀವಗಳೊಡನೆ ಆಡುವ ಆಟ. ಗುಡ್ಡದ ಹೊಳೆಯಲ್ಲಿ ಪಯಣ ಸುರಕ್ಷಿತವಾಗಬೇಕಾದರೆ ಜಲಾನಯನದ ಅರಿವು ಬೇಕು. ನೀರು ಸರಿಯಿಲ್ಲದ ದಿನ ದೋಣಿಯನ್ನು ಇಳಿಸದೆ ಹಿಂತಿರುಗುವ ವಿವೇಕ ಬೇಕು. ಇವೆರಡೂ ಬಾಡಿಗೆಗೆ ಸಿಗುವ ವಸ್ತುಗಳಲ್ಲ.

ಗುಡ್ಡದ ಲೆಕ್ಕಾಚಾರ

ಹತ್ತು ಚದರ ಕಿಲೋಮೀಟರ್ ಜಲಾನಯನವುಳ್ಳ ಒಂದು ಸಣ್ಣ ಹೊಳೆಯನ್ನು ತೆಗೆದುಕೊಳ್ಳೋಣ. ಅದರ ಮೇಲೆ ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿದರೆ ಬಿದ್ದ ನೀರು 5 ಲಕ್ಷ ಘನ ಮೀಟರ್. ಅದರಲ್ಲಿ ಅರ್ಧ ನೆಲಕ್ಕೆ ಇಂಗಿ, ಉಳಿದರ್ಧ ಎರಡು ಗಂಟೆಗಳಲ್ಲಿ ಹರಿದುಹೋಗುವುದೆಂದರೂ ಹೊಳೆಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 35 ಘನ ಮೀಟರ್, ಅಂದರೆ 35 ಟನ್ ನೀರು ಹೆಚ್ಚಾಗುತ್ತದೆ. ಬೆಳಿಗ್ಗೆ ಮಂಡಿಯುದ್ದವಿದ್ದ ನೀರು ಮಧ್ಯಾಹ್ನಕ್ಕೆ ಆಳೆತ್ತರವಾಗುವ ರಹಸ್ಯ ಇದೇ. ನೀರಿನ ವೇಗ ಇಮ್ಮಡಿಯಾದರೆ ಅದು ತಳ್ಳುವ ಬಲ ನಾಲ್ಮಡಿಯಾಗುತ್ತದೆ ಎಂಬುದನ್ನೂ ಇದರೊಡನೆ ಸೇರಿಸಿಕೊಳ್ಳಬೇಕು. ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆ ಕಾಣುವ ಆಗುಂಬೆಯ ಆಸುಪಾಸಿನಲ್ಲಿ ಇಂಥ ಗಂಟೆಗಳು ಅಪರೂಪವೇನಲ್ಲ.

ದೋಣಿ ಇಳಿಸುವಲ್ಲಿ ಎಳೆಬಿಸಿಲು ಇರುವಾಗಲೇ ಹೊಳೆಯ ತಲೆಯಲ್ಲಿ ಮಳೆ ಧಾರಾಕಾರ ಸುರಿಯುತ್ತಿರಬಹುದು. ತಿಳಿನೀರು ಕೆಂಪಾಗುವುದು, ತರಗೆಲೆ ಕಸಕಡ್ಡಿ ತೇಲಿ ಬರುವುದು, ಹೊಳೆಯ ಸದ್ದು ಏಕಾಏಕಿ ಬದಲಾಗುವುದು: ಈ ಸೂಚನೆಗಳನ್ನು ದಡದ ಗದ್ದೆಯವರು ಬಲ್ಲರು. ನಗರದಿಂದ ಬಂದ ತಂಡ ಅವರನ್ನು ಕೇಳುವುದಿಲ್ಲ. ಕಾಡು ಕಡಿದು, ಇಳಿಜಾರನ್ನು ಯಂತ್ರಗಳಿಂದ ಕೊರೆದು ರಸ್ತೆ, ರೆಸಾರ್ಟು ಮಾಡಿದ ಗುಡ್ಡಗಳಲ್ಲಿ ನೀರು ಇಂಗುವುದು ಕಡಿಮೆ, ಓಡುವುದು ಹೆಚ್ಚು. ಹೊಳೆಯ ಏರಿಕೆಯ ವೇಗ ಹೆಚ್ಚಿಸಿದವರೇ ಅದೇ ಹೊಳೆಯಲ್ಲಿ ಸಾಹಸವನ್ನು ಮಾರುವುದು ಎಂಥ ವಿಪರ್ಯಾಸ!

ಯೋಜನೆ ಎಂದರೇನು?

ಯೋಜನೆ ಕಾಲ್ನಡಿಗೆಯಿಂದ ಆರಂಭವಾಗಬೇಕು. ಇಳಿಯುವ ಸ್ಥಳದಿಂದ ಏರುವ ಸ್ಥಳದವರೆಗೆ ದಡದಲ್ಲಿ ನಡೆದು, ನೀರು ಧುಮುಕುವ ಪ್ರತಿಯೊಂದು ಇಳುಕಲನ್ನೂ ಕಣ್ಣಾರೆ ನೋಡಬೇಕು. ನಡುವೆ ಎಲ್ಲಿ ದಡ ಹತ್ತಬಹುದು, ಅಲ್ಲಿಂದ ರಸ್ತೆ ಎಷ್ಟು ದೂರ, ಆಸ್ಪತ್ರೆ ಎಷ್ಟು ದೂರ ಎಂಬುದು ತಿಳಿದಿರಬೇಕು. ಇಂಥ ಇಳುಕಲುಗಳನ್ನು ಜಗತ್ತಿನಾದ್ಯಂತ ಒಂದರಿಂದ ಆರರವರೆಗೆ ದರ್ಜೆಗಳಾಗಿ ವಿಂಗಡಿಸುತ್ತಾರೆ. ನೀರಿನ ಮಟ್ಟ ಬದಲಾದರೆ ದರ್ಜೆಯೂ ಬದಲಾಗುತ್ತದೆ. ನೆರವು ದೂರವಿರುವ ಕಾಡಿನ ಹೊಳೆಯನ್ನು ಇರುವುದಕ್ಕಿಂತ ಒಂದು ದರ್ಜೆ ಕಠಿಣವೆಂದೇ ಎಣಿಸುವುದು ಅನುಭವಿಗಳ ಪದ್ಧತಿ.

ಕಳೆದ ವರ್ಷ ಕಂಡ ಹೊಳೆ ಈ ವರ್ಷ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಮಣ್ಣು, ಬಂಡೆ, ಮರಗಳೆಲ್ಲ ಹಳ್ಳಗಳ ಪಾತ್ರಕ್ಕೇ ಬಂದು ಬಿದ್ದವು. ಅಡ್ಡ ಬಿದ್ದ ಮರ ಅಥವಾ ಬಿದಿರುಮೆಳೆ ನೀರನ್ನು ಸೋಸಿ ಬಿಡುತ್ತದೆ, ಮನುಷ್ಯನನ್ನು ಹಿಡಿದುಕೊಳ್ಳುತ್ತದೆ. ತಗ್ಗಿನ ಕಾಲುಸಂಕಗಳಿಂದಲೂ ಅಪಾಯವುಂಟು. ಇವೆಲ್ಲಕ್ಕಿಂತ ಮೋಸದ್ದು ಕಿಂಡಿ ಅಣೆಕಟ್ಟು. ಮೇಲಿನಿಂದ ನೋಡಿದರೆ ನೀರು ನುಣ್ಣಗೆ ಜಾರುತ್ತದೆ; ಬುಡದಲ್ಲಿ ಅದೇ ನೀರು ತಿರುಗಿ ಕಟ್ಟೆಯತ್ತಲೇ ಮರಳುತ್ತದೆ. ಆ ಸುಳಿಗೆ ಸಿಕ್ಕವನು ಜಾಕೆಟ್ ತೊಟ್ಟಿದ್ದರೂ ಹೊರಬರುವುದು ದುಸ್ತರ. ಅಲ್ಲಿ ದೋಣಿಯನ್ನು ಹೊತ್ತು ದಡದ ಮೇಲೆ ದಾಟುವುದೊಂದೇ ದಾರಿ.

ಒಂಟಿಯಾಗಿ ಯಾರೂ ಹೊಳೆಗೆ ಇಳಿಯಬಾರದು. ತಂಡದಲ್ಲಿ ಕನಿಷ್ಠ ಮೂರು ದೋಣಿಗಳಿರಬೇಕು. ಕಠಿಣ ಇಳುಕಲಿನ ಕೆಳಗೆ ಎಸೆಯುವ ಹಗ್ಗ ಹಿಡಿದವರು ದಡದಲ್ಲಿ ಮೊದಲೇ ನಿಂತಿರಬೇಕು. ನೀರಿಗೆ ಬಿದ್ದವನು ರಭಸದಲ್ಲಿ ಎದ್ದು ನಿಲ್ಲಲು ಯತ್ನಿಸಬಾರದು. ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ಸೊಂಟದುದ್ದ ನೀರೂ ಮುಳುಗಿಸೀತು. ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ದಡದತ್ತ ಸರಿಯಬೇಕು. ಹೊರಡುವ ಮುನ್ನ ನೀರಂಚಿನ ಬಂಡೆಗೆ ಗುರುತು ಹಾಕಿ ಕಾಯಬೇಕು. ಗುರುತು ಮುಳುಗುತ್ತಿದ್ದರೆ ಅಂದಿನ ಪಯಣ ಅಲ್ಲಿಗೇ ರದ್ದು. ಎಷ್ಟು ಜನ ಹೋದರು, ಎಷ್ಟು ಹೊತ್ತಿಗೆ ಮರಳುತ್ತಾರೆ ಎಂಬುದು ಊರಿನಲ್ಲಿ ಒಬ್ಬರಿಗಾದರೂ ತಿಳಿದಿರಬೇಕು.

ಕಟ್ಟೆ ಮೇಲಿದ್ದರೆ?

ಮಳೆಹೊಳೆಗೆ ಸೂಚನೆಗಳಾದರೂ ಉಂಟು. ಅಣೆಕಟ್ಟೆಯ ಕೆಳಗಿನ ಹೊಳೆಗೆ ಅದೂ ಇಲ್ಲ. ಗಣೇಶಗುಡಿಯ ಬಳಿ ಕಾಳಿನದಿಯ ರ‍್ಯಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟೆಯಿಂದ ವಿದ್ಯುತ್ತಿಗಾಗಿ ಬಿಡುವ ನೀರಿನ ಮೇಲೆ. ಅಲ್ಲಿ ಹೊಳೆಯ ಏರಿಳಿತ ನಿರ್ಧಾರವಾಗುವುದು ಮೋಡದಲ್ಲಲ್ಲ, ಕಚೇರಿಯಲ್ಲಿ. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯಲ್ಲಿ ಬಿಯಾಸ್ ನದಿಯ ಪಾತ್ರದಲ್ಲಿ ನಿಂತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹಾಗೂ ಪ್ರವಾಸದ ಸಂಯೋಜಕರೊಬ್ಬರು ಲಾರ್ಜಿ ಜಲವಿದ್ಯುತ್ ಯೋಜನೆಯಿಂದ ಬಿಟ್ಟ ನೀರಿಗೆ ಕೊಚ್ಚಿಹೋದರು. ಅವರು ದೋಣಿಯನ್ನೇ ಹತ್ತಿರಲಿಲ್ಲ. ಕಲ್ಲುಗಳ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದರು. ಘಟ್ಟದ ಹಳ್ಳಗಳಿಗೆಲ್ಲ ಕಿರು ಜಲವಿದ್ಯುತ್ ಯೋಜನೆಗಳನ್ನು ತರುವವರು, ಕೆಳಗಿನ ಊರುಗಳಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೂ ಮೀಯುವ ಮಕ್ಕಳಿಗೂ ಯಾವ ಮುನ್ಸೂಚನೆ ಕೊಡುತ್ತಾರೆ? ತುಕ್ಕು ಹಿಡಿದ ಒಂದು ಫಲಕ ಮುನ್ಸೂಚನೆಯಾಗಲಾರದು.

ನಿಷೇಧವೂ ಪರಿಹಾರವಲ್ಲ

ಅವಘಡ ನಡೆದ ಕೂಡಲೇ ನಿಷೇಧ, ಜನ ಮರೆತ ಕೂಡಲೇ ಪರವಾನಗಿ: ಆಡಳಿತಕ್ಕೆ ತಿಳಿದಿರುವ ನೀತಿ ಇದೊಂದೇ. ನಿಷೇಧದಿಂದ ಹೊಳೆಗೂ ಲಾಭವಿಲ್ಲ. ಬಂಡೆಯಿಂದ ಬಂಡೆಗೆ ಹೊಳೆಯನ್ನು ಅರಿತು ಹುಟ್ಟು ಹಾಕಿದ ಯುವಕನಿಗೆ, ಅದನ್ನು ಕೊಳವೆಯೊಳಗೆ ತುರುಕುವ ಯೋಜನೆ ಬಂದಾಗ ಕಳೆದುಕೊಳ್ಳುವುದು ಏನೆಂದು ತಿಳಿದಿರುತ್ತದೆ. ಯಾರೂ ಕಾಣದ ಹೊಳೆಗೆ ಕಟ್ಟೆ ಕಟ್ಟುವುದು ಸುಲಭ. ಆದ್ದರಿಂದ ಬೇಕಾದುದು ಹೊಳೆಯ ಮರ್ಯಾದೆಗೆ ತಲೆಬಾಗುವ ಶಿಸ್ತು.

ದೋಣಿ ಇಳಿಸುವ ಪ್ರತಿ ಕಡವಿನಲ್ಲೂ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ ಇರಲಿ. ಯಾವ ಗೆರೆ ಮೀರಿದರೆ ಪಯಣ ನಿಲ್ಲಬೇಕೆಂಬುದು ಕನ್ನಡದಲ್ಲಿ ಬರೆದಿರಲಿ. ಕಟ್ಟೆಯ ಮೇಲಿನವರು ನೀರು ಬಿಡುವ ವೇಳೆಯನ್ನು ಗ್ರಾಮ ಪಂಚಾಯಿತಿಗೆ ಮೊದಲೇ ತಿಳಿಸಲಿ, ಸೈರನ್ ಮೊಳಗಿಸಲಿ. ದಿನಗೂಲಿಗೆ ದೋಣಿ ನಡೆಸುವ ಊರ ಹುಡುಗರಿಗೆ ರಕ್ಷಣಾ ತರಬೇತಿಯೂ ವಿಮೆಯೂ ದೊರೆಯಲಿ. ಪ್ರವಾಸಿಗ ಮುಳುಗುವಾಗ ಮೊದಲು ನೀರಿಗೆ ಹಾರುವವರು ಅವರೇ ಅಲ್ಲವೇ? ನೀರು ಏರಿದ ದಿನ ದೋಣಿ ನಿಲ್ಲಿಸುವ ಅಧಿಕಾರ ದಡದ ಊರಿಗಿರಲಿ. ಮುಂದಿನ ಮುಂಗಾರಿಗೆ ಮೊದಲು ನಡೆಯುವ ಗ್ರಾಮಸಭೆಗಳಲ್ಲಿ ಈ ನಾಲ್ಕು ಬೇಡಿಕೆಗಳು ನಿರ್ಣಯಗಳಾಗಿ ದಾಖಲಾಗಬೇಕು. ಮಲೆನಾಡಿನ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮೂರ ಹೊಳೆಯ ಅಳತೆಯನ್ನು ಈ ಮಳೆಗಾಲದಿಂದಲೇ ದಿನವೂ ಬರೆದಿಡಲು ತೊಡಗಿದರೆ, ಆ ನಿರ್ಣಯಗಳಿಗೆ ಬೇಕಾದ ಆಧಾರ ಅವರ ನೋಟುಬುಕ್ಕುಗಳಲ್ಲೇ ಸಿದ್ಧವಾಗುತ್ತದೆ.