ಒಂದೇ ಹಿತ್ತಾಳೆ ಕೇಸ್ 20 ಸಲ ಬಾಳುತ್ತದೆಯೇ? ಬ್ರ್ಯಾಂಡ್ ಪಟ್ಟಿ ಹೇಳದ ಸಂಗತಿಗಳು

ಅಮೆರಿಕದಲ್ಲಿ ನೆಲೆಸಿರುವ ಓದುಗರೊಬ್ಬರು ನಮಗೆ ಒಂದು ಚಿತ್ರ ಕಳುಹಿಸಿದ್ದರು. ರೈಫಲ್ ತೋಟಾಗಳ ಹಿತ್ತಾಳೆ ಕೇಸ್ ತಯಾರಿಸುವ ಕಂಪನಿಗಳ ಪಟ್ಟಿ ಅದು. ಪ್ರತಿ ಹೆಸರಿನ ಮುಂದೆ ಒಂದೊಂದು ಸಂಖ್ಯೆ: ಇದು 20 ಸಲ, ಅದು 8 ಸಲ, ಇನ್ನೊಂದು 4 ಸಲ. ಕೆಳಗೆ ದಪ್ಪಕ್ಷರದಲ್ಲಿ ‘ತೂಕ ಹೆಚ್ಚಿದ್ದರೆ ಬಾಳಿಕೆ ಹೆಚ್ಚು’ ಎಂಬ ಸಲಹೆ. ‘ಇದನ್ನು ನಂಬಬಹುದಾ?’ ಎಂದು ಅವರು ಕೇಳಿದ್ದರು. ವಾರಾಂತ್ಯದಲ್ಲಿ ಗುರಿ ಅಭ್ಯಾಸಕ್ಕೆ ಹೋಗುವವರು ಅವರು, ಇತ್ತೀಚೆಗೆ ರೀಲೋಡಿಂಗ್ ಕಲಿಯುತ್ತಿದ್ದಾರೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ರೈಫಲ್ ತೋಟಾದಲ್ಲಿ ನಾಲ್ಕು ಭಾಗಗಳಿರುತ್ತವೆ: ಮುಂದೆ ಗುಂಡು, ಒಳಗೆ ಮದ್ದು, ಹಿಂದೆ ಕಿಡಿ ಕೊಡುವ ಕೇಪು, ಇವೆಲ್ಲವನ್ನೂ ಹಿಡಿದಿಡುವ ಹಿತ್ತಾಳೆಯ ಕೇಸ್. ಹೊಡೆದ ಮೇಲೆ ಗುಂಡು ಹೋಗುತ್ತದೆ, ಮದ್ದು ಉರಿಯುತ್ತದೆ, ಕೇಪು ಮುಗಿಯುತ್ತದೆ. ಉಳಿಯುವುದು ಕೇಸ್ ಮಾತ್ರ. ತೋಟಾದ ಬೆಲೆಯಲ್ಲಿ ದೊಡ್ಡ ಪಾಲು ಇದರದ್ದೇ. ಅದಕ್ಕೇ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಫಿನ್‌ಲ್ಯಾಂಡ್ ಮುಂತಾದ ಕಡೆ ಗುರಿಕಾರರು ಅದನ್ನು ಮತ್ತೆ ಮತ್ತೆ ತುಂಬಿಸಿ ಬಳಸುತ್ತಾರೆ. ನಮ್ಮಲ್ಲಿ ಪರಿಸ್ಥಿತಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಗಂಭೀರ ಅಪರಾಧ. ಆದ್ದರಿಂದ ಈ ಪಟ್ಟಿಯನ್ನು ಊರಿನ ಗುಂಪಿಗೆ ದಾಟಿಸುವವರು ಇದು ಇಲ್ಲಿನ ಕೈಕೆಲಸವಲ್ಲ ಎಂಬುದನ್ನು ತಿಳಿದಿರಲಿ.

ಈಗ ಪ್ರಶ್ನೆಗೆ ಬರೋಣ. ಪಟ್ಟಿಯಲ್ಲಿರುವ ಹೆಸರುಗಳೆಲ್ಲ ನಿಜವಾದ ಕಂಪನಿಗಳೇ. ಆದರೆ ಆ ಸಂಖ್ಯೆಗಳಿಗೆ ಅರ್ಥವಿಲ್ಲ. ಏಕೆಂದರೆ ಅದೇ ಕಂಪನಿಯ, ಅದೇ ಡಬ್ಬಿಯ ಎರಡು ಕೇಸ್‌ಗಳಲ್ಲಿ ಒಂದು ಐದನೇ ಸಲಕ್ಕೆ ಮುಗಿಯಬಹುದು, ಇನ್ನೊಂದು ಇಪ್ಪತ್ತು ದಾಟಬಹುದು. ಅದನ್ನು ಹೆಚ್ಚಾಗಿ ತೀರ್ಮಾನಿಸುವುದು ಯಾವ ರೈಫಲ್‌ನಲ್ಲಿ ಹೊಡೆದರು, ಹೊಡೆದ ಮೇಲೆ ಕೇಸನ್ನು ಹೇಗೆ ಮತ್ತೆ ಅಳತೆಗೆ ತಂದರು ಎಂಬ ಸಂಗತಿ.

ಬುಡ ಗಟ್ಟಿ, ಕತ್ತು ಮೆದು

ತೋಟಾ ಕೇಸಿಗೆ ಬಳಸುವ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಈ ಅನುಪಾತಕ್ಕೆ ಲೋಹಶಾಸ್ತ್ರದಲ್ಲಿ ಹೆಸರೇ ‘ಕಾರ್ಟ್ರಿಡ್ಜ್ ಬ್ರಾಸ್’. ದುಬಾರಿ ಕೇಸಿನಲ್ಲೂ ಅಗ್ಗದ್ದರಲ್ಲೂ ಬಹುತೇಕ ಇದೇ ಮಿಶ್ರಣ. ವ್ಯತ್ಯಾಸ ಹುಟ್ಟುವುದು ಅದನ್ನು ಹೇಗೆ ತಟ್ಟಿ, ಎಳೆದು, ಬಿಸಿ ಮಾಡಿದರು ಎಂಬುದರಲ್ಲಿ.

ಹಿತ್ತಾಳೆಗೆ ಒಂದು ಗುಣವಿದೆ. ಬಡಿದಷ್ಟೂ, ಬಗ್ಗಿಸಿದಷ್ಟೂ ಗಟ್ಟಿಯಾಗುತ್ತದೆ, ಕಾಯಿಸಿದರೆ ಮೆದುವಾಗುತ್ತದೆ. ಪಾತ್ರೆ ಬಡಿಯುವ ಕಂಚುಗಾರರಿಗೆ ಇದು ಹೊಸ ವಿಷಯವಲ್ಲ. ಕಾರ್ಖಾನೆಯಲ್ಲಿ ಹಿತ್ತಾಳೆ ಬಿಲ್ಲೆಯನ್ನು ಬಟ್ಟಲಿನಂತೆ ಒತ್ತಿ, ಹಂತ ಹಂತವಾಗಿ ಕೊಳವೆಯಾಗಿ ಎಳೆಯುತ್ತಾರೆ, ನಡುನಡುವೆ ಕಾಯಿಸಿ ಮೆದು ಮಾಡುತ್ತಾರೆ. ಕೊನೆಗೆ ಬುಡವನ್ನು ಬಲವಾಗಿ ಒತ್ತಿ ಗಟ್ಟಿ ಮಾಡಿ, ಕತ್ತಿನ ಭಾಗವನ್ನಷ್ಟೇ ಕಾಯಿಸಿ ಬಿಡುತ್ತಾರೆ. ಒಂದೇ ಕೇಸಿನಲ್ಲಿ ಬುಡ ಗಟ್ಟಿ, ಕತ್ತು ಮೆದು. ಕೆಲವು ಹೊಸ ಕೇಸ್‌ಗಳ ಕತ್ತಿನ ಹತ್ತಿರ ಕಾಣುವ ನೀಲಿ-ಕಂದು ಛಾಯೆ ಈ ಬಿಸಿಯ ಗುರುತು. ಸೇನೆಯ ಕೇಸ್‌ಗಳಲ್ಲಿ ಅದನ್ನು ಹಾಗೇ ಬಿಡುತ್ತಾರೆ, ಅಂಗಡಿಗೆ ಹೋಗುವ ಎಷ್ಟೋ ಕೇಸ್‌ಗಳಲ್ಲಿ ಉಜ್ಜಿ ತೆಗೆಯುತ್ತಾರೆ. ‘ಕಲೆ ಇದ್ದರೆ ಹಳೆಯ ಮಾಲು’ ಎಂಬ ಇನ್ನೊಂದು ಫಾರ್ವರ್ಡ್ ಬಂದಿದ್ದರೆ ಅದನ್ನು ಅಳಿಸಿಬಿಡಿ.

ಇಷ್ಟೆಲ್ಲ ಏಕೆ ಬೇಕು? ಗುರಿಕಾರರಲ್ಲಿ ಬಹಳ ಬಳಕೆಯಲ್ಲಿರುವ .308 ವಿಂಚೆಸ್ಟರ್ ತೋಟಾಕ್ಕೆ ಅಮೆರಿಕದ ಉದ್ಯಮ ಮಾನದಂಡ ಒಪ್ಪುವ ಗರಿಷ್ಠ ಒತ್ತಡ 62,000 ಪಿಎಸ್‌ಐ. ಪೆಟ್ರೋಲ್ ಬಂಕ್‌ನಲ್ಲಿ ಕಾರಿನ ಟೈರಿಗೆ ಹಾಕಿಸುವ ಗಾಳಿ 32ರ ಆಸುಪಾಸು. ಅಷ್ಟು ಒತ್ತಡ ಬಂದ ಕ್ಷಣದಲ್ಲಿ ಕೇಸಿನ ತೆಳು ಗೋಡೆ ಉಬ್ಬಿ ರೈಫಲ್‌ನ ಕೋಣೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಮರುಕ್ಷಣ ಸ್ವಲ್ಪ ಕುಗ್ಗಿ ಬಿಡಿಸಿಕೊಳ್ಳುತ್ತದೆ. ಉಕ್ಕಿನ ಕೇಸ್‌ಗಳೂ ಇವೆ, ಆದರೆ ಇಷ್ಟು ಸಲೀಸಾಗಿ ಕುಗ್ಗುವುದಿಲ್ಲ. ಮರುಬಳಕೆಯವರು ಹಿತ್ತಾಳೆಗೆ ಅಂಟಿಕೊಂಡಿರುವುದು ಇದಕ್ಕೇ.

ಎಲ್ಲಿ ಸೋಲುತ್ತದೆ

ಕೇಸ್ ಮೂರು ಕಡೆ ಕೈಕೊಡುತ್ತದೆ. ಮೂರೂ ಒಂದೇ ತೂಕದವಲ್ಲ.

ಕತ್ತು ಸೀಳುವುದು ಸಾಮಾನ್ಯ. ಪ್ರತಿ ಸಲ ಉಬ್ಬಿ, ಮತ್ತೆ ಅಚ್ಚಿನಲ್ಲಿ ಒತ್ತಿಸಿಕೊಂಡು ಗಟ್ಟಿಯಾಗುತ್ತಾ ಹೋಗಿ ಕೊನೆಗೆ ಬಿರುಕು ಬಿಡುತ್ತದೆ. ಕಣ್ಣಿಗೆ ಕಾಣುತ್ತದೆ, ಕೇಸನ್ನು ಎಸೆದರಾಯಿತು. ಎರಡನೆಯದು, ಕೇಪು ಕೂರುವ ಗುಳಿ ಸಡಿಲವಾಗುವುದು. ಹೊಸ ಕೇಪು ಹೆಬ್ಬೆರಳ ಒತ್ತಿಗೇ ಒಳಗೆ ಹೋಯಿತೆಂದರೆ ಆ ಕೇಸಿನ ಆಯಸ್ಸು ಮುಗಿಯಿತು. ಅತಿ ಒತ್ತಡದ ತೋಟಾ ಹೊಡೆಯುವವರಿಗೆ ಇದು ಬೇಗ ಬರುತ್ತದೆ. ಬುಡದ ಹಿತ್ತಾಳೆ ಮೆದುವಾಗಿದ್ದರೆ ಇನ್ನೂ ಬೇಗ. ಬ್ರ್ಯಾಂಡ್ ನಡುವಿನ ನಿಜವಾದ ಅಂತರ ಕಾಣುವ ಜಾಗಗಳಲ್ಲಿ ಇದೊಂದು.

ಮೂರನೆಯದು ಅಪಾಯಕಾರಿ: ಬುಡದಿಂದ ತುಸು ಮೇಲೆ ಕೇಸ್ ಎರಡು ತುಂಡಾಗುವುದು. ಕೇಪಿಗೆ ಪೆಟ್ಟು ಬಿದ್ದಾಗ ಕೇಸ್ ಮುಂದಕ್ಕೆ ಸರಿಯುತ್ತದೆ. ಒತ್ತಡ ಏರಿದಾಗ ತೆಳುವಾದ ಮುಂಭಾಗ ಕೋಣೆಯ ಗೋಡೆಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ದಪ್ಪನೆಯ ಬುಡ ಹಾಗೆ ಕಚ್ಚಿಕೊಳ್ಳುವುದಿಲ್ಲ, ಹಿಂದಿನ ಬೋಲ್ಟಿಗೆ ತಾಗುವವರೆಗೆ ತಳ್ಳಲ್ಪಡುತ್ತದೆ. ಇವೆರಡರ ನಡುವಿನ ಹಿತ್ತಾಳೆ ಜಗ್ಗಿ ತೆಳುವಾಗುತ್ತದೆ. ರೀಲೋಡ್ ಮಾಡುವವರು ಅಚ್ಚಿನಲ್ಲಿ ಕೇಸಿನ ಭುಜವನ್ನು ಬೇಕಾದ್ದಕ್ಕಿಂತ ಹಿಂದಕ್ಕೆ ಒತ್ತಿದರೆ ಮುಂದಿನ ಸಲ ಜಗ್ಗಲು ಇನ್ನಷ್ಟು ಜಾಗ ಸಿಗುತ್ತದೆ. ಹೀಗೆ ಕೆಲವೇ ಸಲದಲ್ಲಿ ಒಳಗಡೆ ಉಂಗುರದಂತೆ ಕಾಲುವೆ ಬೀಳುತ್ತದೆ. ಒಂದು ದಿನ ಅಲ್ಲಿಂದಲೇ ಬಿಸಿ ಅನಿಲ ಹಿಂದಕ್ಕೆ, ಹೊಡೆಯುವವರ ಮುಖದತ್ತ, ನುಗ್ಗಬಹುದು.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ .303 ರೈಫಲ್. ಯುದ್ಧಭೂಮಿಯ ಕೆಸರು, ಧೂಳಿನಲ್ಲೂ ತೋಟಾ ಸಿಕ್ಕಿಹಾಕಿಕೊಳ್ಳಬಾರದೆಂದು ಅದರ ಕೋಣೆಯನ್ನು ಉದಾರವಾಗಿ ಕೊರೆದಿದ್ದರು. ತೋಟಾವನ್ನು ಹಿಡಿದಿಡುವುದು ಹಿಂದಿನ ಅಂಚು ಮಾತ್ರ, ಭುಜದ ಮುಂದೆ ಜಾಗ ಖಾಲಿ. ಸೈನಿಕರಿಗೆ ಅದರಿಂದ ತೊಂದರೆಯಿಲ್ಲ, ಅವರು ಕೇಸನ್ನು ಒಂದೇ ಸಲ ಬಳಸುವುದು. ಆದರೆ ಇಂದಿಗೂ ಈ ರೈಫಲ್ ಇಟ್ಟುಕೊಂಡಿರುವ ಆಸ್ಟ್ರೇಲಿಯಾ, ಕೆನಡಾದ ಹವ್ಯಾಸಿಗಳಿಗೆ ಚೆನ್ನಾಗಿ ಗೊತ್ತು: ಇಡೀ ಕೇಸನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದರೆ ಎಷ್ಟೇ ದುಬಾರಿ ಕೇಸಾದರೂ ಬೇಗ ತುಂಡಾಗುತ್ತದೆ. ಕತ್ತನ್ನು ಮಾತ್ರ ಒತ್ತಿ, ಉಳಿದದ್ದನ್ನು ಆ ರೈಫಲ್‌ನ ಕೋಣೆಯ ಆಕಾರದಲ್ಲೇ ಬಿಟ್ಟರೆ ಅದೇ ಕೇಸ್ ಎಷ್ಟೋ ಹೆಚ್ಚು ಸಲ ಬಾಳುತ್ತದೆ. ಕಂಪನಿ ಅದೇ, ಹಿತ್ತಾಳೆ ಅದೇ. ಪಟ್ಟಿಯಲ್ಲಿ ಯಾವ ಸಂಖ್ಯೆ ಬರೆಯುತ್ತೀರಿ?

ಹಾಗಾದರೆ ದುಬಾರಿ ಕೇಸ್ ಏಕೆ ಕೊಳ್ಳುತ್ತಾರೆ

ಕಾರಣವಿದೆ. ಫಿನ್‌ಲ್ಯಾಂಡಿನ ಲಾಪುವಾ ಕೇಸ್‌ಗಳಿಗೆ ಅಮೆರಿಕದ ಸಾಮಾನ್ಯ ಕೇಸ್‌ಗಳಿಗಿಂತ ಬಹಳ ಹೆಚ್ಚು ಬೆಲೆ. ಸ್ವೀಡನ್ನಿನ ನಾರ್ಮಾ ಕೂಡ ಅಗ್ಗವಲ್ಲ. ಆ ದುಡ್ಡಿಗೆ ಮೊದಲು ಸಿಗುವುದು ಏಕರೂಪತೆ. ನೂರು ಕೇಸ್ ತೂಗಿದರೆ ತೂಕದಲ್ಲಿ ಕಡಿಮೆ ಏರಿಳಿತ, ಕತ್ತಿನ ದಪ್ಪ ಸುತ್ತಲೂ ಸಮ. ಆರುನೂರು ಮೀಟರ್ ದೂರದ ಹಲಗೆಗೆ ಗುರಿ ಇಡುವವರಿಗೆ ಇದು ಮುಖ್ಯ. ಗುಳಿಯೂ ಬೇಗ ಸಡಿಲವಾಗುವುದಿಲ್ಲ ಎಂಬುದು ಬಳಸುವವರ ಸಾಮಾನ್ಯ ಅನುಭವ. ಆದರೆ ನೂರು ಮೀಟರ್‌ನಲ್ಲಿ ಹವ್ಯಾಸಕ್ಕೆ ಹೊಡೆಯುವವರು ಆ ಹಣವನ್ನು ಅಳತೆ ಉಪಕರಣಕ್ಕೆ ಹಾಕಿದರೆ ಹೆಚ್ಚು ಲಾಭ ಎಂದು ನಮ್ಮ ಅಭಿಪ್ರಾಯ.

ಇನ್ನು ತೂಕದ ಮಾತು. ಸೇನೆಗಾಗಿ ತಯಾರಾದ 7.62 ನ್ಯಾಟೋ ಕೇಸ್ ಸಾಮಾನ್ಯವಾಗಿ ಅಂಗಡಿಯ .308 ಕೇಸಿಗಿಂತ ಭಾರ. ಹೊರ ಅಳತೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಹೆಚ್ಚುವರಿ ಹಿತ್ತಾಳೆ ಒಳಗಿನ ಜಾಗವನ್ನು ತಿನ್ನುತ್ತದೆ. ಹಗುರ ಕೇಸಿಗೆ ಸರಿಹೋದಷ್ಟೇ ಮದ್ದನ್ನು ಇದಕ್ಕೂ ತುಂಬಿದರೆ ಒತ್ತಡ ಏರುತ್ತದೆ. ‘ಭಾರ ಇದ್ದರೆ ಗಟ್ಟಿ’ ಎಂದು ನಂಬಿ ಕೇಸ್ ಬದಲಿಸಿ ಮದ್ದಿನ ಪ್ರಮಾಣ ಬದಲಿಸದವರು ಅಪಾಯದತ್ತಲೇ ಹೋಗುತ್ತಾರೆ. ಫಾರ್ವರ್ಡ್‌ನ ಆ ದಪ್ಪಕ್ಷರದ ಸಾಲು ನಮಗೆ ಸಿಟ್ಟು ತರಿಸಿದ್ದು ಇದಕ್ಕೇ. ಜೊತೆಗೆ ಸೇನೆಯ ಬಳಸಿದ ಕೇಸ್ ಮೆಷಿನ್‌ಗನ್‌ನಲ್ಲಿ ಹೊಡೆದದ್ದಾಗಿದ್ದರೆ, ‘ಒಂದೇ ಸಲ ಹೊಡೆದದ್ದು’ ಎಂದು ಮಾರಿದರೂ, ಆ ಒಂದು ಸಲಕ್ಕೇ ಸಾಕಷ್ಟು ಜಗ್ಗಿರುತ್ತದೆ.

ಮಳೆಗಾಲ, ಲಾಯ ಮತ್ತು ಬಿರುಕು

ಹಿತ್ತಾಳೆಯ ಬಾಳಿಕೆಯ ಕುರಿತ ದೊಡ್ಡ ಪಾಠವೊಂದು ಸಿಕ್ಕಿದ್ದು ನಮ್ಮ ದೇಶದಲ್ಲೇ. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಬಂದರೆ ಸೇನೆಯ ಚಟುವಟಿಕೆ ಕಡಿಮೆಯಾಗುತ್ತಿತ್ತು. ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಎಷ್ಟೋ ಕೇಸ್‌ಗಳಲ್ಲಿ ಬಿರುಕು! ಯಾರೂ ಹೊಡೆದಿಲ್ಲ, ಬೀಳಿಸಿಲ್ಲ. ಋತುವಿಗೆ ತಕ್ಕಂತೆ ಬರುವ ಬಿರುಕು ಎಂದು ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂದೇ ಹೆಸರು ಬಿತ್ತು. ಸರಿಯಾದ ವಿವರಣೆ ಬಂದದ್ದು 1921ರಲ್ಲಿ. ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು ಸಂಶೋಧಕರಿಂದ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ ತೇವದ ಜೊತೆ ಸೇರಿ ಹಿತ್ತಾಳೆಯನ್ನು ತಿನ್ನುತ್ತಿತ್ತು. ಆದರೆ ಅದೊಂದರಿಂದ ಬಿರುಕು ಬರುವುದಿಲ್ಲ. ತಣ್ಣಗೆ ಎಳೆದು ಮಾಡಿದ ಲೋಹದೊಳಗೆ ಅಡಗಿರುವ ಬಿಗಿತವೂ ಬೇಕು. ಎರಡೂ ಸೇರಿದಾಗ ಲೋಹ ತಾನಾಗಿ ಸೀಳುತ್ತದೆ. ತಯಾರಿಕೆಯಲ್ಲಿ ಹದವಾಗಿ ಕಾಯಿಸಿ ಬಿಗಿತ ಇಳಿಸುವುದು, ಅಮೋನಿಯಾದಿಂದ ದೂರ ಇಡುವುದು ಪರಿಹಾರವಾಯಿತು.

ಈಗ ಕುದುರೆ ಲಾಯವಿಲ್ಲ ನಿಜ. ಆದರೆ ಹಿತ್ತಾಳೆ ಫಳಫಳ ಹೊಳೆಯಲಿ ಎಂದು ಅಮೋನಿಯಾ ಇರುವ ಪಾಲಿಶ್ ದ್ರವ ಹಾಕಿ ಉಜ್ಜುವ ವಿಡಿಯೊಗಳು ಬೇಕಾದಷ್ಟಿವೆ. ಮನೆಯ ದಪ್ಪ ಎರಕದ ದೀಪಕ್ಕೆ ಅದರಿಂದ ಅಷ್ಟೇನೂ ಆಗದು, ಅದರೊಳಗೆ ಬಿಗಿತ ಕಡಿಮೆ. ಗುಂಡನ್ನು ಬಿಗಿಯಾಗಿ ಹಿಡಿದ ತೆಳು ಕತ್ತಿಗೆ ಮಾತ್ರ ಅದು ಒಳ್ಳೆಯದಲ್ಲ. ಕೇಸ್ ಮಂಕಾಗಿರುವುದು ದೋಷವೂ ಅಲ್ಲ. ನಾವು ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ಕುವ ಹಾಗೆ ಅವರು ತಿಳಿಯಾದ ಸಿಟ್ರಿಕ್ ಆಮ್ಲದಲ್ಲಿ ತೊಳೆಯುತ್ತಾರೆ. ಎರಡೂ ಕಡೆ ಕೆಲಸ ಮಾಡುವುದು ಹುಳಿಯೇ. ಬಹಳ ಹೊತ್ತು ನೆನೆಹಾಕಿದರೆ ಮೇಲ್ಮೈಯ ಸತು ಕರಗಿ ಗುಲಾಬಿ ಛಾಯೆ ಬರುತ್ತದೆ, ಹಾಗಾಗಿ ಕೆಲವೇ ನಿಮಿಷ.

ಓದುಗರು ಕಳುಹಿಸಿದ ಚಿತ್ರದ ಕೊನೆಯಲ್ಲಿ ಇನ್ನೊಂದು ಸಲಹೆ ಇತ್ತು: ಹಳೆಯ ಕೇಸ್‌ಗಳನ್ನು ಒಲೆಯಲ್ಲಿ ಕಾಯಿಸಿ ನೀರಿಗೆ ಹಾಕಿದರೆ ಹೊಸದರಂತಾಗುತ್ತವೆ ಎಂದು. ದಯವಿಟ್ಟು ಬೇಡ. ಕಾಯಿಸಬೇಕಾದದ್ದು ಕತ್ತು ಮತ್ತು ಭುಜ ಮಾತ್ರ, ಅದೂ ಕೆಲವೇ ಸೆಕೆಂಡು. ಇಡೀ ಕೇಸ್ ಮೆದುವಾಗುವಷ್ಟು ಕಾಯಿಸಿದರೆ ಗಟ್ಟಿಯಾಗಿರಬೇಕಾದ ಬುಡವೂ ಮೆದುವಾಗುತ್ತದೆ. ಮೊದಲು ಹೇಳಿದ ಆ ಒತ್ತಡವನ್ನು ತಡೆಯಬೇಕಾದದ್ದು ಅದೇ ಬುಡ. ನೀರಿಗೆ ಹಾಕುವುದರಿಂದ ಹಿತ್ತಾಳೆ ಗಟ್ಟಿಯೂ ಆಗದು, ಇನ್ನಷ್ಟು ಮೆದುವೂ ಆಗದು. ಅದು ಉಕ್ಕಿನ ಗುಣ.

ನಾವು ಆ ಓದುಗರಿಗೆ ಬರೆದದ್ದು ಇಷ್ಟು. ಒಂದೇ ರೈಫಲ್‌ನಲ್ಲಿ ಹೊಡೆದ ಕೇಸ್‌ಗಳನ್ನು ಒಂದೇ ಡಬ್ಬಿಯಲ್ಲಿಡಿ, ಎಷ್ಟನೇ ಸಲ ಎಂದು ಮೇಲೆ ಬರೆಯಿರಿ. ಪೇಪರ್ ಕ್ಲಿಪ್ ಬಿಡಿಸಿ, ತುದಿಯನ್ನು ಚಿಕ್ಕದಾಗಿ ಕೊಕ್ಕೆಯಂತೆ ಬಗ್ಗಿಸಿ, ಖಾಲಿ ಕೇಸಿನ ಒಳಗೋಡೆಗೆ ಒತ್ತಿ ಬುಡದಿಂದ ಮೇಲಕ್ಕೆ ಎಳೆಯಿರಿ. ಎಲ್ಲಾದರೂ ಕಾಲುವೆಗೆ ಬಿದ್ದಂತೆ ತುದಿ ತಡವರಿಸಿದರೆ, ಅಥವಾ ಹೊರಗೆ ಆ ಜಾಗದಲ್ಲಿ ಹೊಳಪಿನ ಉಂಗುರ ಕಂಡರೆ, ಅದನ್ನು ಇಕ್ಕಳದಲ್ಲಿ ಅಪ್ಪಚ್ಚಿ ಮಾಡಿ ಗುಜರಿಗೆ ಹಾಕಿ. ಎರಡು ದಿನ ಬಿಟ್ಟು ಅವರ ಉತ್ತರ ಬಂತು. ಪಟ್ಟಿಯ ಪ್ರಕಾರ 20 ಸಲ ಬಾಳಬೇಕಿದ್ದ ಕೇಸ್‌ಗಳಲ್ಲಿ ಆರನೇ ಸಲಕ್ಕೇ ಮೂರರಲ್ಲಿ ಕ್ಲಿಪ್ ತಡವರಿಸಿತಂತೆ.